ಓದುಗರ ಪ್ರಶ್ನೆ: ಸೆನ್ಸಾರ್ ಮರಳಿ ಬರಬಹುದೇ?

ಪ್ರಶ್ನೆ: ಕೇರಳದ ಬದಿಯಡ್ಕದಲ್ಲಿ ನಾಲ್ಕು ಪುಟದ ಕನ್ನಡ ವಾರಪತ್ರಿಕೆ ತರುತ್ತಿದ್ದೇವೆ. 1975ರಂತೆ ಅಚ್ಚಿಗೆ ಮೊದಲೇ ತಡೆಯಲು ಈಗ ಸಾಧ್ಯವೇ? ಸಂಚಿಕೆ ಮುಟ್ಟುಗೋಲಾದರೆ ಏನು ಮಾಡಬೇಕು?

ಉತ್ತರ: ಸಾಧ್ಯ, ಆದರೆ ಅಂದಿನಷ್ಟು ಸುಲಭವಲ್ಲ. ಅಂದು ತುರ್ತು ಪರಿಸ್ಥಿತಿ ಹೇರಲು ‘ಆಂತರಿಕ ಕ್ಷೋಭೆ’ ಎಂಬ ಕಾರಣವೇ ಸಾಕಿತ್ತು. ಜೂನ್ 25ರ ರಾತ್ರಿ ದೆಹಲಿಯ ಮುದ್ರಣಾಲಯಗಳ ವಿದ್ಯುತ್ ಕಡಿದರು. ಮರುದಿನವೇ ಸೆನ್ಸಾರ್ ಆದೇಶ ಬಂತು. ಸಂಪಾದಕೀಯದ ಜಾಗ ಖಾಲಿ ಬಿಟ್ಟು ಪ್ರತಿಭಟಿಸಿದರೆ ಅದನ್ನೂ ನಿಷೇಧಿಸಿದರು. ಖಾಲಿ ಜಾಗಕ್ಕೂ ಅಧಿಕಾರ ಹೆದರಿತ್ತೆಂಬುದನ್ನು ಮರೆಯಬಾರದು.

1978ರ ಸಂವಿಧಾನದ 44ನೇ ತಿದ್ದುಪಡಿ ಆ ಕಾರಣವನ್ನು ‘ಸಶಸ್ತ್ರ ದಂಗೆ’ ಎಂದು ಬಿಗಿ ಮಾಡಿತು. ವಾಕ್ ಸ್ವಾತಂತ್ರ್ಯ ಕೊಡುವ 19ನೇ ವಿಧಿ ತಾನಾಗಿ ಅಮಾನತಾಗುವುದು ಈಗ ಯುದ್ಧ ಅಥವಾ ಹೊರಗಿನ ಆಕ್ರಮಣದಲ್ಲಿ ಮಾತ್ರ. ಆದರೂ 359ನೇ ವಿಧಿಯಡಿ ರಾಷ್ಟ್ರಪತಿಯ ಆದೇಶದಿಂದ ಮೂಲಭೂತ ಹಕ್ಕುಗಳಿಗಾಗಿ ಹೋಗುವ ಕೋರ್ಟಿನ ಬಾಗಿಲು ಮುಚ್ಚಬಹುದು. 20 (ಶಿಕ್ಷೆಯ ವಿಷಯದಲ್ಲಿ ರಕ್ಷಣೆ) ಮತ್ತು 21ನೇ (ಜೀವ, ವೈಯಕ್ತಿಕ ಸ್ವಾತಂತ್ರ್ಯ) ವಿಧಿಗಳನ್ನಷ್ಟೇ ಮುಟ್ಟುವಂತಿಲ್ಲ.

ನಿಮಗೆ ಹೆಚ್ಚು ಹತ್ತಿರದ ಅಪಾಯ ಸಾಮಾನ್ಯ ದಿನಗಳದ್ದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಕಾನೂನು) 98ನೇ ಕಲಮಿನಡಿ ರಾಜ್ಯ ಸರಕಾರ ಸಂಚಿಕೆಯನ್ನು ಮುಟ್ಟುಗೋಲು ಹಾಕಬಹುದು. ಅಧಿಸೂಚನೆ ಕೈಗೆ ಬಂದೊಡನೆ ಕಾರಣ ಬರೆದಿದ್ದಾರೆಯೇ ನೋಡಿ. ಕಾರಣ ನಮೂದಿಸುವುದು ಕಡ್ಡಾಯ, ಆದೇಶಗಳು ಬಿದ್ದುಹೋಗುವುದೂ ಹೆಚ್ಚಾಗಿ ಅಲ್ಲೇ. ಗೆಜೆಟ್ ಪ್ರಕಟಣೆಯಿಂದ 2 ತಿಂಗಳೊಳಗೆ ಎರ್ನಾಕುಳಂನ ಕೇರಳ ಹೈಕೋರ್ಟಿಗೆ ಅರ್ಜಿ ಹಾಕಬೇಕು. ಮೂವರು ನ್ಯಾಯಮೂರ್ತಿಗಳ ಪೀಠ ಕೇಳುತ್ತದೆ. ಕನ್ನಡ ವರದಿಯ ಇಂಗ್ಲಿಷ್ ಅನುವಾದವನ್ನು ಕನ್ನಡ ಚೆನ್ನಾಗಿ ಬಲ್ಲವರಿಂದಲೇ ಮಾಡಿಸಿ. ಒಂದು ಗಾದೆಮಾತು ಅಕ್ಷರಶಃ ಅನುವಾದವಾದರೂ ಬೆದರಿಕೆಯಂತೆ ಕೇಳಿಸೀತು.