ಮನೆಯಲ್ಲೊಬ್ಬರಿಗೆ ಟಿಬಿ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಮಳೆಗಾಲ ಶುರುವಾದರೆ ಕೆಮ್ಮಿನ ಬಗ್ಗೆ ಬರುವ ಪತ್ರಗಳು ಜಾಸ್ತಿ. ಈ ಸಲ ಟಿಬಿಗೆ ಸಂಬಂಧಪಟ್ಟ ಐದು ಪ್ರಶ್ನೆಗಳನ್ನು ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಉದ್ದವಾಗಿಯೇ ಉತ್ತರಿಸಿದ್ದೇನೆ. ಆ ಪತ್ರದಲ್ಲಿರುವ ಹೆದರಿಕೆ ನಮ್ಮ ಕರಾವಳಿಯ ತುಂಬಾ ಮನೆಗಳಲ್ಲಿದೆ.

ಪ್ರಶ್ನೆ: ಡಾಕ್ಟರೇ, ನನ್ನ ಮಾವನಿಗೆ ಎರಡು ತಿಂಗಳಿಂದ ಕೆಮ್ಮಿತ್ತು. ಹತ್ತು ದಿನದ ಹಿಂದೆ ಶ್ವಾಸಕೋಶದ ಟಿಬಿ ಅಂತ ಗೊತ್ತಾಗಿ ಮಾತ್ರೆ ಶುರುವಾಗಿದೆ. ಅತ್ತೆ ಅವರ ತಟ್ಟೆ, ಲೋಟ, ಚಾಪೆ ಎಲ್ಲ ಬೇರೆ ಮಾಡಿದ್ದಾರೆ. ಬಟ್ಟೆ ಕೂಡ ಬೇರೆ ಒಗೆಯುತ್ತೇವೆ. ಮಾವ ಹಿಂದಿನ ಕೋಣೆಯಲ್ಲಿ ಮಲಗುತ್ತಾರೆ, ಮಳೆ ಅಂತ ಕಿಟಕಿ ಮುಚ್ಚಿದ್ದೇವೆ. ನನಗೆ 4 ಮತ್ತು 9 ವರ್ಷದ ಇಬ್ಬರು ಮಕ್ಕಳು. ಅತ್ತೆಗೆ ಶುಗರ್ ಇದೆ. ಮಕ್ಕಳನ್ನು ಕಾರ್ಕಳದ ತಾಯಿಮನೆಗೆ ಕಳಿಸಿಬಿಡಲಾ? ಟಿಬಿ ನಿಜವಾಗಿ ಹೇಗೆ ಹರಡುತ್ತದೆ?
– ಓದುಗರು, ಸುರತ್ಕಲ್

ಉತ್ತರ: ಮೊದಲು ಒಂದು ಕೆಲಸ ಮಾಡಿ. ಈ ಪತ್ರಿಕೆ ಕೆಳಗಿಟ್ಟು, ಹೋಗಿ ಆ ಕೋಣೆಯ ಕಿಟಕಿ ತೆರೆಯಿರಿ.

ಟಿಬಿ ಹರಡುವುದು ಗಾಳಿಯಿಂದ. ಶ್ವಾಸಕೋಶದ ಟಿಬಿ ಇದ್ದವರು ಕೆಮ್ಮಿದಾಗ, ಸೀನಿದಾಗ, ಜೋರಾಗಿ ಮಾತಾಡಿದಾಗ ಅತಿ ಸಣ್ಣ ಹನಿಗಳು ಹೊರಗೆ ಬರುತ್ತವೆ. ದೊಡ್ಡ ಹನಿಗಳು ನೆಲಕ್ಕೆ ಬೀಳುತ್ತವೆ, ಅವುಗಳಿಂದ ಅಷ್ಟು ತೊಂದರೆ ಇಲ್ಲ. ಸಣ್ಣವು ಗಾಳಿಯಲ್ಲೇ ಒಣಗಿ, ರೋಗಾಣುವನ್ನು ಹೊತ್ತುಕೊಂಡು ಗಂಟೆಗಟ್ಟಲೆ ತೇಲುತ್ತವೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಒಣಮೀನು ಹುರಿದರೆ ವಾಸನೆ ಸಂಜೆಯವರೆಗೂ ಮನೆ ಬಿಟ್ಟು ಹೋಗುವುದಿಲ್ಲ, ಅಲ್ವಾ? ಹಾಗೆಯೇ ಇದು. ಮುಚ್ಚಿದ ಕೋಣೆಯಲ್ಲಿ ಉಳಿಯುತ್ತದೆ, ಗಾಳಿಯಾಡುವ ಕೋಣೆಯಲ್ಲಿ ಚದುರಿಹೋಗುತ್ತದೆ. ಇನ್ನೊಬ್ಬರು ಆ ಗಾಳಿಯನ್ನು ಉಸಿರಾಡಿ, ರೋಗಾಣು ಶ್ವಾಸಕೋಶದ ಆಳಕ್ಕೆ ಇಳಿದಾಗ ಸೋಂಕು ತಗಲುತ್ತದೆ.

ಇದನ್ನು ಗಟ್ಟಿಯಾಗಿ ತೋರಿಸಿದ್ದು ಅಮೆರಿಕದ ಬಾಲ್ಟಿಮೋರ್‌ನಲ್ಲಿ 1950ರ ದಶಕದಲ್ಲಿ ನಡೆದ ಒಂದು ಪ್ರಯೋಗ. ಟಿಬಿ ವಾರ್ಡಿನ ಗಾಳಿಯನ್ನು ಕೊಳವೆಯ ಮೂಲಕ ಮೇಲಿನ ಕೋಣೆಗೆ ಹಾಯಿಸಿದರು. ಅಲ್ಲಿ ಗಿನಿಯಿಲಿಗಳಿದ್ದವು. ರೋಗಿಗಳನ್ನು ಅವು ನೋಡಿರಲಿಲ್ಲ, ಮುಟ್ಟಿರಲಿಲ್ಲ. ಬರೀ ಗಾಳಿಯಿಂದಲೇ ಅವಕ್ಕೆ ಟಿಬಿ ಬಂತು. ಅದೇ ಗಾಳಿಗೆ ಅತಿನೇರಳೆ ಬೆಳಕು ಹಾಯಿಸಿ ಕೊಟ್ಟಾಗ ಬರಲಿಲ್ಲ.

ಹಾಗಾಗಿ ತಟ್ಟೆ, ಲೋಟ, ಚಾಪೆ, ಬಟ್ಟೆ ಬೇರೆ ಮಾಡುವುದರಿಂದ ಯಾವ ಪ್ರಯೋಜನವೂ ಇಲ್ಲ. ಎಲ್ಲರ ಪಾತ್ರೆಯ ಜೊತೆ ಸೋಪು ಹಾಕಿ ತೊಳೆದರೆ ಸಾಕು. ಕೈ ಹಿಡಿದರೆ, ಮೈ ಒರೆಸಿದರೆ, ಒಂದೇ ಶೌಚಾಲಯ ಬಳಸಿದರೆ ಟಿಬಿ ಬರುವುದಿಲ್ಲ. ಅತ್ತೆಯವರನ್ನು ದೂರುತ್ತಿಲ್ಲ. ಅವರು ಮನೆಯವರನ್ನು ಕಾಪಾಡಬೇಕೆಂದೇ ಹಾಗೆ ಮಾಡಿದ್ದಾರೆ. ಆದರೆ ಬೇರೆ ತಟ್ಟೆಯಲ್ಲಿ ಉಣ್ಣುವ ಹಿರಿಯರ ಮನಸ್ಸಿಗೆ ಏನಾಗುತ್ತದೆ ಅಂತ ಯೋಚಿಸಿ. ಬೇಸರದಿಂದ ಊಟ ಕಡಿಮೆ ಮಾಡುವವರು, ಮಾತ್ರೆ ಬಿಡುವವರು ಇದ್ದಾರೆ. ತಟ್ಟೆ ಬೇರೆ, ಕಿಟಕಿ ಬಂದ್ ಎನ್ನುವುದು ಎರಡೂ ಕಡೆಯಿಂದ ನಷ್ಟ.

ಮಳೆಯ ತೊಂದರೆ ನನಗೆ ಗೊತ್ತು. ಪಡುವಣದ ಕಿಟಕಿಯಿಂದ ಇರಚಲು ಹೊಡೆದರೆ ಮೂಡಣದ್ದನ್ನಾದರೂ ತೆರೆದಿಡಿ. ಎದುರುಬದುರು ಎರಡು ಕಡೆ ಸ್ವಲ್ಪ ಸ್ವಲ್ಪ ತೆರೆದರೂ ಗಾಳಿ ಓಡಾಡುತ್ತದೆ. ಎಕ್ಸಾಸ್ಟ್ ಫ್ಯಾನ್ ಇದ್ದರೆ ಇನ್ನೂ ಒಳ್ಳೆಯದು. ಹಂಚಿನ ಮನೆಯಲ್ಲಿ ಮಾಡಿನ ಸಂದಿಯಿಂದಲೂ ಗಾಳಿ ಹೋಗುತ್ತದೆ. ಈಗಿನ ಫ್ಲ್ಯಾಟ್‌ಗಳಲ್ಲಿ ಕಿಟಕಿ ಮುಚ್ಚಿ ಏಸಿ ಹಾಕಿದರೆ ಅದು ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ. ಹಗಲು ಮಾವ ಜಗಲಿಯಲ್ಲಿ ಕೂತುಕೊಳ್ಳಲಿ, ಪೇಪರ್ ಓದಲಿ, ನಿಮ್ಮ ಜೊತೆ ಮಾತಾಡಲಿ. ಒಳಗೆ ಎಲ್ಲರ ಜೊತೆ ಇರುವಾಗ ಸದ್ಯಕ್ಕೆ ಮಾಸ್ಕ್ ಹಾಕಲಿ. ಕೆಮ್ಮುವಾಗ ಬಾಯಿಗೆ ಬಟ್ಟೆ ಅಡ್ಡ ಹಿಡಿಯಲಿ, ಕಫವನ್ನು ಮುಚ್ಚಳ ಇರುವ ಡಬ್ಬಿಯಲ್ಲಿ ಉಗುಳಲಿ.

ಇನ್ನು ಮಕ್ಕಳನ್ನು ಕಳಿಸುವ ವಿಚಾರ. ಬೇಡ ಎನ್ನುತ್ತೇನೆ, ಕಾರಣವೂ ಹೇಳುತ್ತೇನೆ. ಮಾವನವರಿಂದ ರೋಗಾಣು ಅತಿ ಹೆಚ್ಚು ಹೊರಬಿದ್ದದ್ದು ಕಾಯಿಲೆ ಗೊತ್ತಿಲ್ಲದೆ ಕೆಮ್ಮುತ್ತಿದ್ದ ಆ ಎರಡು ತಿಂಗಳಲ್ಲಿ. ಸರಿಯಾದ ಔಷಧಿ ಹೊಟ್ಟೆಗೆ ಬಿದ್ದ ಮೇಲೆ ಹರಡುವ ಶಕ್ತಿ ಬೇಗ ಇಳಿಯುತ್ತದೆ. ಸಾಮಾನ್ಯವಾಗಿ ಎರಡು ವಾರದ ಲೆಕ್ಕ ಹೇಳುತ್ತೇವೆ. ಆದರೆ ಆ ರೋಗಾಣು ಔಷಧಿಗೆ ಬಗ್ಗುವ ಜಾತಿಯದ್ದು ಎಂದು ಪರೀಕ್ಷೆಯಲ್ಲಿ ಗೊತ್ತಾಗಿರಬೇಕು, ಮಾತ್ರೆ ಒಂದು ದಿನವೂ ತಪ್ಪಬಾರದು. ಕಫವನ್ನು ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಯಂತ್ರದಲ್ಲಿ ಪರೀಕ್ಷಿಸಿದ್ದಾರಾ, ರಿಫಾಂಪಿಸಿನ್ ಎಂಬ ಮುಖ್ಯ ಟಿಬಿ ಔಷಧಿಗೆ ಬಗ್ಗುತ್ತದಾ ಅಂತ ಕೇಳಿ.

ಔಷಧಿ ಶುರುವಾದರೆ ಹರಡುವ ಶಕ್ತಿ ಇಳಿಯುತ್ತದೆ ಎಂಬ ಮಾತಿಗೆ ಆಧಾರ ನಮ್ಮ ದೇಶದಲ್ಲೇ ಇದೆ. 1956ರಲ್ಲಿ ಮದರಾಸಿನಲ್ಲಿ ಒಂದು ಅಧ್ಯಯನ ಶುರುವಾಯಿತು. ಕೆಲವು ರೋಗಿಗಳನ್ನು ಸ್ಯಾನಿಟೋರಿಯಂನಲ್ಲಿ, ಅಂದರೆ ಟಿಬಿ ಆಸ್ಪತ್ರೆಯಲ್ಲಿ ಇಟ್ಟರು, ಕೆಲವರಿಗೆ ಅವರ ಕಿಕ್ಕಿರಿದ ಬಡ ಮನೆಗಳಲ್ಲೇ ಅದೇ ಔಷಧಿ ಕೊಟ್ಟರು. ಆಮೇಲೆ ಎರಡೂ ಕಡೆಯ ಮನೆಮಂದಿಯನ್ನು ವರ್ಷಗಟ್ಟಲೆ ಗಮನಿಸಿದರು. ಮನೆಯಲ್ಲೇ ಚಿಕಿತ್ಸೆ ಪಡೆದವರ ಕುಟುಂಬಕ್ಕೆ ಹೆಚ್ಚಿನ ಅಪಾಯವೇನೂ ಆಗಿರಲಿಲ್ಲ. ಇವತ್ತು ಜಗತ್ತಿನಲ್ಲೆಲ್ಲ ಟಿಬಿಯನ್ನು ಮನೆಯಲ್ಲೇ ವಾಸಿ ಮಾಡುತ್ತಾರೆಂದರೆ ಅದಕ್ಕೆ ಆ ಅಧ್ಯಯನ ದೊಡ್ಡ ಕಾರಣ.

ಅಂದರೆ ಮಕ್ಕಳಿಗೆ ಸೋಂಕು ತಗಲಿದ್ದರೆ ಅದು ಈಗಾಗಲೇ ತಗಲಿದೆ. ಕಾರ್ಕಳಕ್ಕೆ ಕಳಿಸಿದರೆ ಆ ಸೋಂಕು ಅವರ ಜೊತೆಗೇ ಹೋಗುತ್ತದೆ, ತಪಾಸಣೆ ಮಾತ್ರ ತಪ್ಪುತ್ತದೆ. ನನಗೆ ನಿಜವಾದ ಚಿಂತೆ ಇರುವುದು ಇಲ್ಲಿಯೇ. 5 ವರ್ಷದೊಳಗಿನ ಮಕ್ಕಳಲ್ಲಿ ಸೋಂಕು ಬೇಗ ಕಾಯಿಲೆಯಾಗುತ್ತದೆ. ಮಿದುಳಿನ ಪೊರೆಗೂ ಹಬ್ಬಬಹುದು. ಹುಟ್ಟಿದಾಗ ಹಾಕಿಸಿದ ಬಿಸಿಜಿ ಲಸಿಕೆ ಇಂಥ ಗಂಭೀರ ರೂಪಗಳನ್ನು ಬಹಳ ಮಟ್ಟಿಗೆ ತಡೆಯುತ್ತದೆ, ಆದರೆ ಅದನ್ನೇ ನಂಬಿ ಕೂರುವ ಹಾಗಿಲ್ಲ. ಈ ವಾರವೇ ಇಬ್ಬರನ್ನೂ ಕರೆದುಕೊಂಡು ಹೋಗಿ. ಸುರತ್ಕಲ್‌ನ ಸರ್ಕಾರಿ ಆರೋಗ್ಯ ಕೇಂದ್ರವಾದರೂ ಸರಿ, ಮಂಗಳೂರಿನ ವೆನ್ಲಾಕ್ ಆಸ್ಪತ್ರೆ ಆದರೂ ಸರಿ. ಜ್ವರ, ಕೆಮ್ಮು, ತೂಕ ಏರದಿರುವುದು, ಮೊದಲಿನ ಹಾಗೆ ಆಡದಿರುವುದು, ಇವನ್ನೆಲ್ಲ ಕೇಳುತ್ತಾರೆ. ಬೇಕಾದರೆ ಎಕ್ಸ್‌ರೇ ತೆಗೆಯುತ್ತಾರೆ. ಕಾಯಿಲೆ ಇಲ್ಲ ಎಂದಾದರೆ ತಡೆಗಟ್ಟುವ ಮಾತ್ರೆ ಕೊಡುತ್ತಾರೆ. ಅದನ್ನು ಬಿಡಬೇಡಿ.

ಅತ್ತೆಯವರನ್ನೂ ಮರೆಯಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಉಳಿದವರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಕೆಮ್ಮು ಇಲ್ಲದಿದ್ದರೂ ಎಕ್ಸ್‌ರೇ ಮಾಡಿಸಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಬರೀ ಲಕ್ಷಣ ಕೇಳಿ ಬಿಟ್ಟಿದ್ದರೆ ನೂರರಲ್ಲಿ ನಲವತ್ತಕ್ಕೂ ಹೆಚ್ಚು ರೋಗಿಗಳು ಕೈತಪ್ಪುತ್ತಿದ್ದರು. ಅವರನ್ನು ಹಿಡಿದುಕೊಟ್ಟದ್ದು ಎಕ್ಸ್‌ರೇ.

ಕೊನೆಗೆ ಊಟದ ಮಾತು. ಇದರಲ್ಲಿ ನಮ್ಮ ಊರಿಗೆ ಹೆಮ್ಮೆ ಪಡುವ ಸಂಗತಿಯೊಂದಿದೆ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು ಜಾರ್ಖಂಡ್‌ನ 4 ಜಿಲ್ಲೆಗಳಲ್ಲಿ ಟಿಬಿ ರೋಗಿಗಳ ಮನೆಮಂದಿಗೆ ತಿಂಗಳು ತಿಂಗಳು ಅಕ್ಕಿ, ಬೇಳೆ, ವಿಟಮಿನ್ ಮಾತ್ರೆ ಕೊಟ್ಟು ನೋಡಿದರು. ದೊಡ್ಡವರಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. ಮನೆಯ ಉಳಿದವರಿಗೆ ಟಿಬಿ ಬರುವುದು ಹತ್ತಿರ ಹತ್ತಿರ 40% ಕಡಿಮೆಯಾಯಿತು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಹಾಗಾಗಿ ಮಾವನಿಗೆ ಮಾತ್ರ ಮೊಟ್ಟೆ ಬೇಯಿಸಿ ಸುಮ್ನಾಗಬೇಡಿ. ಕುಚ್ಚಲಕ್ಕಿ ಗಂಜಿಯ ಜೊತೆ ಹೆಸರುಕಾಳು, ಬೂತಾಯಿ, ಬಂಗುಡೆ, ಮೊಟ್ಟೆ, ನಿಮ್ಮ ಮನೆಯಲ್ಲಿ ಯಾವುದು ನಡೆಯುತ್ತದೋ ಅದು ಎಲ್ಲರ ತಟ್ಟೆಗೂ ಬೀಳಲಿ. ಚಿಕಿತ್ಸೆ ಮುಗಿಯುವವರೆಗೆ ಮಾವನವರಿಗೆ ಸರ್ಕಾರದ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1000 ರೂಪಾಯಿ ಸಿಗಬೇಕು. ಬ್ಯಾಂಕ್ ಖಾತೆಯ ವಿವರ ಕೊಟ್ಟಿದ್ದೀರಾ ನೋಡಿಕೊಳ್ಳಿ.

ಪ್ರಶ್ನೆ: ನಾನು ಮಲ್ಪೆಯಲ್ಲಿ ಆಳಸಮುದ್ರ ಬೋಟಿಗೆ ಹೋಗುವವನು. ಒಂದೇ ಕ್ಯಾಬಿನ್‌ನಲ್ಲಿ ಮಲಗುತ್ತಿದ್ದ ಜೊತೆಯವನಿಗೆ ಟಿಬಿ ಬಂದಿದೆ. ನನ್ನ ಎಕ್ಸ್‌ರೇ ಸರಿ ಇದೆ, ಕೆಮ್ಮೂ ಇಲ್ಲ. ಆದರೂ ಮೂರು ತಿಂಗಳು ಮಾತ್ರೆ ತಿನ್ನಿ ಅನ್ನುತ್ತಾರೆ. ಕಾಯಿಲೆ ಇಲ್ಲದವನಿಗೆ ಮಾತ್ರೆ ಯಾಕೆ?
– ಓದುಗರು, ಮಲ್ಪೆ

ಉತ್ತರ: ಸೋಂಕು ಬೇರೆ, ಕಾಯಿಲೆ ಬೇರೆ. ಉಸಿರಿನಲ್ಲಿ ಒಳಗೆ ಹೋದ ರೋಗಾಣುವನ್ನು ಹೆಚ್ಚಿನವರ ದೇಹ ಕಟ್ಟಿಹಾಕುತ್ತದೆ. ಅದು ಸಾಯದೆ ಮಲಗಿರಬಹುದು. ಆಗ ನಿಮಗೆ ಏನೂ ಅನಿಸುವುದಿಲ್ಲ, ನಿಮ್ಮಿಂದ ಬೇರೆಯವರಿಗೂ ಹರಡುವುದಿಲ್ಲ. ಇಂಥವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಜೀವಮಾನದಲ್ಲಿ ಎಂದಾದರೂ ಅದು ಎದ್ದು ಕಾಯಿಲೆಯಾಗುತ್ತದೆ. ಅದರಲ್ಲಿ ಅರ್ಧದಷ್ಟು ಮೊದಲ ಎರಡು ವರ್ಷದಲ್ಲೇ. ನೀವು ಈಗ ಆ ಅವಧಿಯಲ್ಲಿದ್ದೀರಿ.

ಟಿಬಿ ಹರಡಲು ಬೇಕಾದ್ದೆಲ್ಲ ಬೋಟಿನ ಕ್ಯಾಬಿನ್‌ನಲ್ಲಿದೆ: ಇಕ್ಕಟ್ಟಾದ ಜಾಗ, ಕಡಿಮೆ ಗಾಳಿ, ದಿನಗಟ್ಟಲೆ ಒಟ್ಟಿಗೆ ಉಸಿರಾಟ. ರಕ್ತಸಂಬಂಧ ಇಲ್ಲದಿದ್ದರೂ ನೀವು ಮನೆಮಂದಿಗೆ ಸಮಾನ. ವಾರಕ್ಕೊಮ್ಮೆಯಂತೆ 12 ವಾರದ ಚಿಕಿತ್ಸೆಯನ್ನು ನಿಮಗೆ ಹೇಳಿರಬೇಕು. ದಿನಾ ತಿನ್ನುವ 6 ತಿಂಗಳ ಚಿಕಿತ್ಸೆಗಿಂತ ಬೋಟಿಗೆ ಹೋಗುವವರಿಗೆ ಇದು ಸುಲಭ. ನೀರಿಗೆ ಇಳಿಯುವ ಮೊದಲು ಬೇಕಾದಷ್ಟು ಮಾತ್ರೆ ಕೇಳಿ ಇಟ್ಟುಕೊಳ್ಳಿ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಕಣ್ಣು ಹಳದಿಯಾದರೆ, ವಾಂತಿ ಬಂದು ಊಟವೇ ಬೇಡವಾದರೆ ಮಾತ್ರೆ ನಿಲ್ಲಿಸಿ ಕೂಡಲೇ ಡಾಕ್ಟರ ಹತ್ತಿರ ಹೋಗಿ. ಈ ಮೂರು ತಿಂಗಳು ಕುಡಿತ ಖಂಡಿತ ಬೇಡ, ಎರಡೂ ಸೇರಿದರೆ ಲಿವರ್‌ಗೆ ಪೆಟ್ಟು. ಬೇರೆ ಯಾವ ಮಾತ್ರೆ ತಿನ್ನುತ್ತಿದ್ದರೂ ಡಾಕ್ಟರಿಗೆ ಹೇಳಿ. ಜೊತೆಯವನದ್ದು ಔಷಧಿಗೆ ಬಗ್ಗದ ಟಿಬಿ ಎಂದು ಗೊತ್ತಾದರೆ ನಿಮ್ಮ ಮಾತ್ರೆಯೂ ಬದಲಾಗಬೇಕಾಗುತ್ತದೆ, ಅದನ್ನು ವಿಚಾರಿಸಿ. ಬೋಟಿನ ಉಳಿದವರೂ ಪರೀಕ್ಷೆ ಮಾಡಿಸಿಕೊಳ್ಳಲಿ. ಅವರು ಬೇರೆ ರಾಜ್ಯದವರಾಗಿ ಊರಿಗೆ ಹೊರಡುವುದಿದ್ದರೆ ಅದಕ್ಕೆ ಮೊದಲೇ ಮಾಡಿಸಲಿ.

ಪ್ರಶ್ನೆ: ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್‌ಗೆ ಕುತ್ತಿಗೆಯ ಗಂಟಿನ ಟಿಬಿ. ರೂಮ್ ಬದಲಿಸು ಅಂತ ಮನೆಯಲ್ಲಿ ಹೇಳುತ್ತಿದ್ದಾರೆ.
– ವಿದ್ಯಾರ್ಥಿನಿ, ಕೊಣಾಜೆ

ಉತ್ತರ: ಬದಲಿಸಬೇಕಾಗಿಲ್ಲ. ಗಂಟು, ಬೆನ್ನುಮೂಳೆ, ಹೊಟ್ಟೆಯ ಟಿಬಿಯಲ್ಲಿ ರೋಗಾಣು ದೇಹದೊಳಗೇ ಇರುತ್ತದೆ, ಉಸಿರಿನ ಗಾಳಿಗೆ ಬರುವುದಿಲ್ಲ. ಅವರ ಎದೆಯ ಎಕ್ಸ್‌ರೇ ಆಗಿದೆಯಾ, ಶ್ವಾಸಕೋಶ ಚೆನ್ನಾಗಿದೆಯಾ ಅಂತ ಕೇಳಿಕೊಳ್ಳಿ, ಅಷ್ಟು ಸಾಕು. ಆರು ತಿಂಗಳ ಮಾತ್ರೆ ಮನೆಯಿಂದ ದೂರ ಇದ್ದುಕೊಂಡು ತಿನ್ನುವುದು ಕಷ್ಟ. ಅವರಿಗೆ ಈಗ ನಿಮ್ಮಂಥ ಗೆಳತಿ ಪಕ್ಕದಲ್ಲಿರಬೇಕು.

ಪ್ರಶ್ನೆ: ದಿನಾ ಉಡುಪಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಹೋಗುತ್ತೇನೆ. ಪಕ್ಕದವರು ಕೆಮ್ಮಿದರೆ ಭಯವಾಗುತ್ತದೆ.
– ಓದುಗರು, ಉಡುಪಿ

ಉತ್ತರ: ಒಂದೆರಡು ಸಲದ ಪ್ರಯಾಣದಲ್ಲಿ ಸಾಧ್ಯತೆ ತುಂಬಾ ಕಡಿಮೆ. ವಿಮಾನದಲ್ಲಿ ಕೂಡ 8 ಗಂಟೆ ಅಥವಾ ಅದಕ್ಕಿಂತ ಉದ್ದದ ಪ್ರಯಾಣವಾಗಿದ್ದರೆ ಮಾತ್ರ ಅಕ್ಕಪಕ್ಕದವರನ್ನು ಹುಡುಕಿ ತಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಟರ್ ಸ್ವಲ್ಪ ಮೇಲೆತ್ತಿ ಕೂರಿ. ಎಲ್ಲ ಕೆಮ್ಮೂ ಟಿಬಿಯಲ್ಲ. ಆದರೆ ನಿಮ್ಮ ಸ್ವಂತ ಕೆಮ್ಮು ಎರಡು ವಾರ ದಾಟಿದರೆ ಸಿರಪ್ ಬದಲಿಸುತ್ತಾ ಕೂರದೆ ಕಫ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮಗಳಿಗೆ ನೋಡಿದ ಹುಡುಗನಿಗೆ ಮೂರು ವರ್ಷದ ಹಿಂದೆ ಟಿಬಿ ಇತ್ತಂತೆ, ಅವರೇ ಹೇಳಿದರು. ಒಳ್ಳೆಯ ಮನೆತನ. ಮುಂದುವರಿಯಬಹುದಾ?
– ಓದುಗರು, ಕುಂದಾಪುರ

ಉತ್ತರ: ಖಂಡಿತ ಮುಂದುವರಿಯಬಹುದು. ಚಿಕಿತ್ಸೆ ಪೂರ್ತಿ ಮಾಡಿ ಗುಣವಾದವರಿಂದ ಟಿಬಿ ಹರಡುವುದಿಲ್ಲ. ಇದು ವಂಶದಿಂದ ಬರುವ ಕಾಯಿಲೆಯೂ ಅಲ್ಲ, ಹುಟ್ಟುವ ಮಕ್ಕಳಿಗೆ ಅದರಿಂದ ತೊಂದರೆ ಇಲ್ಲ. ಮರುಕಳಿಸುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ. ಅದಕ್ಕೇ ಮಾತ್ರೆ ಮುಗಿದ ಮೇಲೂ 6, 12, 18, 24ನೇ ತಿಂಗಳಲ್ಲಿ ಪರೀಕ್ಷೆಗೆ ಕರೆಯುತ್ತಾರೆ. ಹುಡುಗ ಆ ಪರೀಕ್ಷೆಗಳನ್ನು ಮಾಡಿಸಿಕೊಂಡಿದ್ದರೆ ನಿಮಗೆ ಇನ್ನೂ ಧೈರ್ಯ. ಮುಚ್ಚಿಡದೆ ಹೇಳಿದ ಆ ಮನೆಯವರ ಬಗ್ಗೆ ನನಗೆ ಗೌರವ ಬಂತು. ಟಿಬಿ ಗೊತ್ತಾದರೆ ಸಂಬಂಧ ಮುರಿಯುತ್ತದೆ ಎಂಬ ಭಯದಿಂದಲೇ ನಮ್ಮಲ್ಲಿ ಎಷ್ಟೋ ಯುವಕ ಯುವತಿಯರು ತಿಂಗಳುಗಟ್ಟಲೆ ಕೆಮ್ಮಿಕೊಂಡು ಪರೀಕ್ಷೆಗೆ ಬರುವುದಿಲ್ಲ. ಆ ತಿಂಗಳುಗಳಲ್ಲೇ ಮನೆಯವರಿಗೆಲ್ಲ ಹರಡುತ್ತದೆ.

ಟಿಬಿ ಪರೀಕ್ಷೆ, ಮಾತ್ರೆ ಮತ್ತು ಯೋಜನೆಯ ಹಣದ ಬಗ್ಗೆ ಕೇಳಲು ಉಚಿತ ಸಹಾಯವಾಣಿ: 1800-11-6666.