ಮುದಿ ನಾಯಿಗೆ ಸಿಬಿಡಿ ಎಣ್ಣೆ ಕೊಡಬಹುದೇ?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗಳ ಮನೆಯ 13 ವರ್ಷದ ಲ್ಯಾಬ್ರಡಾರ್ ಮೆಟ್ಟಿಲ ಬುಡದಲ್ಲೇ ನಿಂತುಬಿಡುತ್ತದೆ, ರಾತ್ರಿಯೆಲ್ಲ ಏದುಸಿರು ಬಿಡುತ್ತ ಮನೆ ಸುತ್ತುತ್ತದೆ. ಅದಕ್ಕೆ ಗಾಂಜಾ ಜಾತಿಯ ಗಿಡದಿಂದ ತೆಗೆಯುವ, ಅಮಲು ತರದ ಸಿಬಿಡಿ ಎಂಬ ಅಂಶದ ಎಣ್ಣೆ ಕೊಡಬಹುದೇ?

ಉತ್ತರ: ಕೀಲುನೋವಿನ ಮಟ್ಟಿಗೆ ಒಂದಿಷ್ಟು ಆಧಾರವಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇಹತೂಕದ ಪ್ರತಿ ಕಿಲೋಗೆ 2 ಮಿಲಿಗ್ರಾಂನಂತೆ 12 ಗಂಟೆಗೊಮ್ಮೆ ಸಿಬಿಡಿ ಪಡೆದ ಸಂಧಿವಾತದ ನಾಯಿಗಳ ನೋವು ಇಳಿದು ಚಟುವಟಿಕೆ ಹೆಚ್ಚಿತು. ಆದರೆ ಯಕೃತ್ತಿಗೆ ಸಂಬಂಧಿಸಿದ ಒಂದು ಕಿಣ್ವವೂ ರಕ್ತದಲ್ಲಿ ಏರಿದ್ದರಿಂದ, ರಕ್ತಪರೀಕ್ಷೆ ಮಾಡಿಸದೆ, ಈಗಿನ ಔಷಧಗಳನ್ನು ಪಶುವೈದ್ಯರಿಗೆ ತಿಳಿಸದೆ ಆರಂಭಿಸಬಾರದು. ಆತಂಕದ ವಿಷಯದಲ್ಲಿ ಪುರಾವೆ ತೀರಾ ತೆಳುವಾಗಿದೆ. ರಾತ್ರಿಯ ಅಲೆದಾಟಕ್ಕೆ ನೋವೋ ಮುಪ್ಪಿನ ಮರೆವೋ ಕಾರಣವಿರಬಹುದು, ಮೊದಲು ಅದನ್ನೇ ಪರೀಕ್ಷೆ ಮಾಡಿಸಿ. ಗಾಂಜಾದಲ್ಲಿ ಅಮಲು ತರುವ ಟಿಎಚ್‌ಸಿ ನಾಯಿಗೆ ವಿಷಕಾರಿಯಾದ್ದರಿಂದ, ಅದು ಬೆರೆತಿರಬಹುದಾದ, ಮನುಷ್ಯರಿಗೆಂದು ಮಾರುವ ಸಿಬಿಡಿ ಮಿಠಾಯಿಯಂತೂ ಬೇಡವೇ ಬೇಡ. ಜಾರುವ ನೆಲಕ್ಕೆ ಒರಟು ಚಾಪೆಯೊಂದನ್ನು ಇಂದೇ ಹಾಸಲು ಮಗಳಿಗೆ ಹೇಳಿ, ಹಿಂಗಾಲುಗಳಿಗೆ ಹಿಡಿತ ಸಿಗುತ್ತದೆ.