ಯೀವರಿಂಗ್: ಹಳೆಯ ವೃತ್ತದಲ್ಲಿ ಹೊಸ ಗೋರಿಗಳು

ಯೀವರಿಂಗ್‌ನ ಕಂಚಿನ ಯುಗದ ವೃತ್ತವೇ (ದುಂಡಗೆ ತೋಡಿದ ಕಂದಕದ ಸ್ಮಾರಕ) ಆರಂಭಿಕ ಮಧ್ಯಯುಗದಲ್ಲಿ ಸ್ಮಶಾನವಾದದ್ದು ಕಾಕತಾಳೀಯವೇ ಎಂದು ಕೇಳಿದ್ದೀರಿ. ನನಗಂತೂ ಹಾಗನ್ನಿಸುವುದಿಲ್ಲ. ಇಂಗ್ಲೆಂಡಿನ ನಾರ್ದಂಬರ್ಲೆಂಡ್ ಪ್ರಾಂತ್ಯದ ಈ ಜಾಗವನ್ನು 1952ರಿಂದ ಪುರಾತತ್ವಜ್ಞ ಬ್ರಯಾನ್ ಹೋಪ್-ಟೇಲರ್ ಅಗೆಸಿದಾಗ, ಪಶ್ಚಿಮ ಭಾಗದಲ್ಲಿರುವ ಈ ವೃತ್ತದ ನಡುವೆ ಒಂದು ಕಂಬ ನೆಟ್ಟಿದ್ದ ಗುಳಿ ಸಿಕ್ಕಿತು. ಗೋರಿಗಳು ಚಕ್ರದ ಅರೆಗಳಂತೆ ಹರಡಿದ್ದವು. ಹಳೆಯ ವೃತ್ತ ಕಣ್ಣಿಗೆ ಕಾಣುತ್ತಿರದಿದ್ದರೆ ಹೀಗೆ ಅದಕ್ಕೆ ಹೊಂದಿಸಿ ಹೂಳುವುದು ಸಾಧ್ಯವೇ?

ಆರಂಭಿಕ ಮಧ್ಯಯುಗದಲ್ಲಿ ಇದು ಅರಸರ ನೆಲೆಯೂ ಆಗಿತ್ತು; ಅಲ್ಲೇ ಅರಸನ ಸಭಾಭವನದ ಹೊಸ್ತಿಲ ಬಳಿಯ ಗೋರಿಯನ್ನೂ ಗಮನಿಸಿ. ಅದರಲ್ಲಿ ಹೆಣದ ಜೊತೆ ಆಡಿನ ತಲೆಬುರುಡೆಯಿತ್ತು. ಊರಿನ ಹಳೆಯ ಹೆಸರು ಗೆಫ್ರಿನ್, ಅಂದರೆ ಆಡುಗಳ ಬೆಟ್ಟ! ಎಂಟನೇ ಶತಮಾನದ ಸನ್ಯಾಸಿ-ಇತಿಹಾಸಕಾರ ಬೀಡ್ ಬರೆದಂತೆ, ನಾರ್ದಂಬ್ರಿಯಾದ ರಾಜ ಎಡ್ವಿನ್‌ನ ಕಾಲದಲ್ಲಿ ಕ್ರೈಸ್ತ ಬಿಷಪ್ ಪೌಲಿನಸ್ ಇಲ್ಲಿಗೆ ಬಂದು, 36 ದಿನ ಪಕ್ಕದ ಗ್ಲೆನ್ ಹೊಳೆಯಲ್ಲಿ ಜನರಿಗೆ ದೀಕ್ಷಾಸ್ನಾನ ಮಾಡಿಸಿದ.